ಎರಡು ಸಣ್ಣ ಕ್ರೂಸ್ ಜೋಡಿಸುವುದೋ, ಉದ್ದದ್ದೊಂದೇ ಹಿಡಿಯುವುದೋ? ಹುಬ್ಬಳ್ಳಿಯಿಂದ ಹೊರಡುವವರಿಗೆ

ಸಿಂಗಪುರದಿಂದ ಕ್ರೂಸ್ ಹೋಗಿ ಬಂದಮೇಲೆ ನಮ್ಮ ಓಣಿಯವರು ಕೇಳುವುದೆಲ್ಲ ಒಂದೇ ಪ್ರಶ್ನೆ. ಮೂರು-ನಾಲ್ಕು ರಾತ್ರಿಯ ಎರಡು ಕ್ರೂಸನ್ನು ಒಂದರ ಬೆನ್ನಿಗೇ ಇನ್ನೊಂದು ಬುಕ್ ಮಾಡುವುದು ಲಾಭವೋ, ಏಳು ರಾತ್ರಿಯದ್ದು ಒಂದೇ ತೊಗೊಳ್ಳುವುದು ಲಾಭವೋ? ಏಜೆಂಟರು ಮೊದಲನೆಯದಕ್ಕೆ ಬ್ಯಾಕ್ ಟು ಬ್ಯಾಕ್ ಅನ್ನುತ್ತಾರೆ. ಎಲ್ಲರೂ ದರದ ಪಟ್ಟಿ ಮುಂದಿಟ್ಟುಕೊಂಡು ಕೂತುಬಿಡುತ್ತಾರೆ. ದರ ಆಮೇಲೆ ನೋಡಿ, ಮೊದಲು ನಡುವಿನ ದಿನ ನೋಡಿ ಎನ್ನುವುದು ನನ್ನ ಸಲಹೆ. ಬೆಳಿಗ್ಗೆ ಒಂದು ಕ್ರೂಸ್ ಮುಗಿದು ಸಂಜೆ ಇನ್ನೊಂದು ಶುರುವಾಗುತ್ತದಲ್ಲ, ಆ ದಿನ. ಅದು ನಿಮ್ಮ ಮನೆಯವರಿಗೆ ಖುಷಿ ಕೊಡುತ್ತದೋ ಕಿರಿಕಿರಿ ಮಾಡುತ್ತದೋ, ಅದರ ಮೇಲೆ ನಿರ್ಧಾರ ಮಾಡಿ.

ಮುಂಬೈಯಿಂದಲೂ ಕ್ರೂಸ್ ಇದೆ, ಅಷ್ಟು ದೂರ ಯಾಕೆ ಅಂತ ಕೇಳಬಹುದು. ಲಕ್ಷದ್ವೀಪದ ಕಡೆಗಿನದ್ದಾದರೆ ಸರಿ. ಆದರೆ ಹುಬ್ಬಳ್ಳಿಯವರು ಮುಂಬೈಗೆ ಹೋಗಿ, ಅಲ್ಲಿ ಹಡಗು ಹತ್ತಿ, ಗೋವಾ ನೋಡಲು ಬರುವುದು ನನಗಂತೂ ನಗು ತರಿಸುತ್ತದೆ. ಲೋಂಡಾ ದಾಟಿ ದೂಧಸಾಗರ ನೋಡುತ್ತಾ ರೈಲಿನಲ್ಲಿ ಇಳಿದರೆ ಗೋವಾ ಬಂತು. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಒರಟು ಬೇರೆ.

ನಾವು ಜೋಡಿಸಿದ್ದು ಮಲೇಷ್ಯಾದ ಪೆನಾಂಗ್‌ಗೆ ಹೋಗಿಬರುವ ಒಂದು ಸಣ್ಣ ಕ್ರೂಸ್, ಅದೇ ಹಡಗಿನಲ್ಲಿ ಥಾಯ್ಲೆಂಡಿನ ಪುಕೆಟ್ ಕಡೆಗಿನ ಇನ್ನೊಂದು. ಜೊತೆಗೆ ಅವ್ವ, ಕಾಕಾ, ಕಾಕಿ, ಮಕ್ಕಳು. ನಡುವಿನ ದಿನ ಏನಾಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಏಜೆಂಟರು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಹಡಗು ಬೆಳಗಿನ ಜಾವ ಸಿಂಗಪುರಕ್ಕೆ ಬಂದು ನಿಲ್ಲುತ್ತದೆ. ಉಳಿದವರೆಲ್ಲ ಬ್ಯಾಗ್ ಎಳೆದುಕೊಂಡು ಇಳಿಯುತ್ತಿರುತ್ತಾರೆ. ಎರಡನೇ ಕ್ರೂಸ್ ಇದ್ದವರಿಗೆ ಹಿಂದಿನ ರಾತ್ರಿಯೇ ಕ್ಯಾಬಿನ್‌ಗೆ ಒಂದು ಚೀಟಿ ಬಂದಿರುತ್ತದೆ: ಇಷ್ಟು ಹೊತ್ತಿಗೆ ಇಂಥ ಕಡೆ ಬನ್ನಿ ಅಂತ. ಮೊದಲ ಕ್ರೂಸಿನ ಖರ್ಚಿನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಹೊಸ ಕೀ ಕಾರ್ಡ್ ಕೊಡುತ್ತಾರೆ. ಇಮಿಗ್ರೇಷನ್ ಹೇಗೆ ಅನ್ನುವುದು ಬಂದರು, ಹಡಗಿನ ಮೇಲೆ ಹೋಗುತ್ತದೆ. ಕೆಲವು ಕಡೆ ಒಂದು ಸುತ್ತು ಇಳಿಸಿ ಮತ್ತೆ ಹತ್ತಿಸುತ್ತಾರೆ, ಕೆಲವು ಕಡೆ ಒಂದು ಹಾಲ್‌ನಲ್ಲಿ ಕೂರಿಸುತ್ತಾರೆ. ನಮ್ಮ ಕಾಕಾ ಅಲ್ಲೇ ಶುರು ಮಾಡಿದರು: "ಇಷ್ಟ ರೊಕ್ಕಾ ಕೊಟ್ಟೇವಿ, ಮತ್ತ್ಯಾಕ ಇಳಸ್ತಾರ ನಮ್ಮನ್ನ?" ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಮೊದಲೇ ಹೇಳಿಟ್ಟಿರಿ.

ಸಂಜೆ ಹೊರಡುವ ಮುಂಚೆ ಲೈಫ್ ಜಾಕೆಟ್ ಡ್ರಿಲ್, ಅಂದರೆ ಅಪಾಯದ ಹೊತ್ತಿನ ತಾಲೀಮು, ಇನ್ನೊಂದು ಸಲ. 2012ರಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಮಗುಚಿದ ಮೇಲೆ ನಿಯಮ ಬಿಗಿಯಾಯಿತು. ಮೊದಲು ಹತ್ತಿದ 24 ಗಂಟೆಯೊಳಗೆ ಮಾಡಿದರೆ ನಡೆಯುತ್ತಿತ್ತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆಗಬೇಕು. ಮೊನ್ನೆ ತಾನೇ ಮಾಡಿದ್ದೇವೆ ಅಂತ ವಾದ ಮಾಡಬೇಡಿ. ಈಗ ಬಹಳ ಹಡಗುಗಳಲ್ಲಿ ಮೊಬೈಲ್‌ನಲ್ಲಿ ವಿಡಿಯೋ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿದರೆ ಮುಗಿಯಿತು.

ಕಿರಿಕಿರಿ ನಿಜವಾಗಿ ಶುರುವಾಗುವುದು ಕ್ಯಾಬಿನ್ ಬದಲಾದರೆ. ನಮಗೆ ಹಾಗೇ ಆಯಿತು. ಎರಡೂ ಬುಕಿಂಗ್‌ಗೆ ಒಂದೇ ಕ್ಯಾಬಿನ್ ಬೇಕು ಅಂತ ಬರೆದು ಕೊಟ್ಟಿದ್ದರೂ ಏಜೆಂಟ್ ಎರಡನೆಯದನ್ನು 'ಗ್ಯಾರಂಟಿ' ದರದಲ್ಲಿ ಹಾಕಿಸಿದ್ದ. ಹೆಸರು ಕೇಳಿ ಮೋಸ ಹೋಗಬೇಡಿ. ಗ್ಯಾರಂಟಿ ಅಂದರೆ ಯಾವುದೋ ಒಂದು ಕ್ಯಾಬಿನ್ ಸಿಗುವ ಗ್ಯಾರಂಟಿ ಅಷ್ಟೇ, ನಂಬರ್ ಕಂಪನಿ ಇಷ್ಟ. ಬೆಳಿಗ್ಗೆ ಎದ್ದು ಎಲ್ಲರ ಬ್ಯಾಗ್ ತುಂಬಿದೆವು. ಸಾಮಾನನ್ನು ಸಿಬ್ಬಂದಿಯೇ ಸಾಗಿಸುತ್ತಾರೆ, ಹ್ಯಾಂಗರ್‌ನ ಬಟ್ಟೆಯನ್ನು ಹಾಗೇ ಒಯ್ಯುತ್ತಾರೆ. ಆದರೆ ಹೊಸ ಕ್ಯಾಬಿನ್ ಸಿಗುವುದು ಮಧ್ಯಾಹ್ನ. ಅಲ್ಲಿಯವರೆಗೆ ಅವ್ವನ ಬಿಪಿ ಗುಳಿಗೆ, ಪಾಸ್‌ಪೋರ್ಟ್, ಮಕ್ಕಳ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಕ್ಯಾಬಿನ್ ಒಂದೇ ಆಗಿದ್ದರೆ ಈ ರಗಳೆಯೇ ಇಲ್ಲ. ಅದಕ್ಕೇ ಹೇಳುವುದು: ನಂಬರ್ ಆರಿಸಿಕೊಳ್ಳುವ ದರವನ್ನೇ ತೊಗೊಳ್ಳಿ, ಎರಡಕ್ಕೂ ಅದೇ ನಂಬರ್ ಹಾಕಿಸಿ, ಎರಡೂ ಬುಕಿಂಗ್ ಒಬ್ಬರ ಹತ್ತಿರವೇ ಮಾಡಿಸಿ ಲಿಂಕ್ ಮಾಡಿಸಿ. ಹಾಗೆ ಆಗುವುದಿಲ್ಲ ಅಂದರೆ, ಹಿರಿಯರನ್ನು ಕರೆದೊಯ್ಯುವವರು ಉದ್ದದ ಕ್ರೂಸನ್ನೇ ನೋಡುವುದು ಒಳ್ಳೆಯದು.

ಇಷ್ಟೆಲ್ಲ ಇದ್ದೂ ಆ ದಿನವನ್ನು ನಾನು ಬೇಡ ಅನ್ನುವುದಿಲ್ಲ. ಕಾರಣ ಸಿಂಗಪುರ. ದೊಡ್ಡ ಹಡಗುಗಳು ನಿಲ್ಲುವ ಮರೀನಾ ಬೇ ಕ್ರೂಸ್ ಸೆಂಟರ್‌ನ ಪಕ್ಕದಲ್ಲೇ ಮರೀನಾ ಸೌತ್ ಪಿಯರ್ ಮೆಟ್ರೋ ಸ್ಟೇಷನ್ ಇದೆ. ಅಲ್ಲಿಂದ ಲಿಟಲ್ ಇಂಡಿಯಾ ದೂರವೇನಲ್ಲ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ನಡೆಯುತ್ತಿರುವ ಸಸ್ಯಾಹಾರಿ ಹೋಟೆಲ್. ಹಡಗಿನ ಬಫೆ ಉಂಡು ಬೇಸತ್ತ ಬಾಯಿಗೆ ಅಲ್ಲಿನ ದೋಸೆ, ಸಾಂಬಾರು ಸಿಕ್ಕಾಗ ಅವ್ವ ಮೊದಲ ಸಲ ಹೊಟ್ಟೆ ತುಂಬ ತಿಂದಳು. ಹತ್ತಿರದಲ್ಲೇ ವೀರಮಾಕಾಳಿಯಮ್ಮನ ಗುಡಿ, ಮುಸ್ತಫಾ ಸೆಂಟರ್ ಅನ್ನುವ ದೊಡ್ಡ ಅಂಗಡಿ. ಕಾಕಿಯನ್ನು ಮುಸ್ತಫಾದಿಂದ ಹೊರಗೆ ಎಳೆದು ತರುವುದೇ ಒಂದು ಕೆಲಸವಾಯಿತು. ಹಡಗು ಹೊರಡುವ ಹೊತ್ತಿಗಿಂತ ಬಹಳ ಮುಂಚೆಯೇ ಬಾಗಿಲು ಹಾಕುತ್ತಾರೆ. ಕೊನೆಯ ಹೊತ್ತು ಎಷ್ಟು ಅಂತ ಇಳಿಯುವಾಗಲೇ ಕೇಳಿಕೊಳ್ಳಿ, ಅದಕ್ಕೂ ಎರಡು ತಾಸು ಮೊದಲು ವಾಪಸ್ ಹೊರಡಿ. ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬರಬೇಡಿ, ಬೇಯಿಸಿದ ಪದಾರ್ಥವನ್ನು ಸಾಮಾನ್ಯವಾಗಿ ಹಡಗಿಗೆ ಬಿಡುವುದಿಲ್ಲ.

ನಡುವಿನ ಬಂದರು ಇಂಥ ಊರಾಗಿದ್ದರೆ ಜೋಡಿ ಕ್ರೂಸ್‌ನಲ್ಲಿ ಒಂದು ಊರು ಪುಕ್ಕಟೆ ಸಿಕ್ಕ ಹಾಗೆ. ಊರಿನಿಂದ ಗಂಟೆಗಟ್ಟಲೆ ದೂರದ ಬಂದರಾಗಿದ್ದರೆ ಸುಮ್ನೆ ಒಂದು ದಿನ ದಂಡ.

ಎರಡೂ ಸಲ ಬೇರೆ ಬೇರೆ ಊರಿಗೆ ಹೋಗುತ್ತದೆಯಾ ಅಂತಲೂ ನೋಡಿ. ಒಂದೇ ಹಡಗು ವಾರವಿಡೀ ಪೆನಾಂಗ್‌ಗೇ ತಿರುಗುತ್ತಿದ್ದರೆ ಜೋಡಿಸಿ ಏನು ಬಂತು? ಊರು ಬೇರೆಯಾದರೂ ಹಡಗಿನ ಒಳಗಿನದ್ದು ಮರುಕಳಿಸುತ್ತದೆ. ಅದೇ ಮೆನು, ಅದೇ ಶೋ, ಅದೇ ಬಿಂಗೋ. ಮಕ್ಕಳಿಗೆ ಅದೇ ಇಷ್ಟ, ಸ್ಲೈಡ್ ಎಲ್ಲಿ ಅಂತ ಗೊತ್ತಿರುತ್ತದೆ. ದೊಡ್ಡವರಿಗೆ ಬೇಜಾರು. ಉದ್ದದ ಕ್ರೂಸ್‌ನಲ್ಲಿ ಊಟ, ಶೋ ದಿನಾ ಬದಲಾಗುವಂತೆ ಜೋಡಿಸಿರುತ್ತಾರೆ.

ಪೆನಾಂಗ್ ಹಿರಿಯರಿಗೆ ಸಲೀಸು. ಹಡಗು ಜಾರ್ಜ್‌ಟೌನ್‌ನ ಸ್ವೆಟೆನ್‌ಹ್ಯಾಮ್ ಪಿಯರ್‌ಗೇ ತಾಗಿ ನಿಲ್ಲುತ್ತದೆ. 2008ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಹಳೇ ಪೇಟೆಗೆ ನಡೆದೇ ಹೋಗಬಹುದು. ಪುಕೆಟ್ ಹಾಗಲ್ಲ. ಪಟಾಂಗ್ ತೀರದಲ್ಲಾದರೆ ಹಡಗು ಸಮುದ್ರದಲ್ಲೇ ಲಂಗರು ಹಾಕುತ್ತದೆ, ಸಣ್ಣ ದೋಣಿಗೆ ಇಳಿದು ಹೋಗಬೇಕು. ದೋಣಿ ತೂಗಾಡುತ್ತಿರುತ್ತದೆ. ಮೊಣಕಾಲು ನೋವಿನವರು ಹಡಗಿನಲ್ಲೇ ಉಳಿಯುವ ಲೆಕ್ಕ ಹಾಕಿಕೊಳ್ಳಿ. ಅವ್ವ ಉಳಿದಳು. ಖಾಲಿ ಡೆಕ್ ಮೇಲೆ ಚಹಾ ಕುಡಿಯುತ್ತಾ ಕೂತಿದ್ದೇ ಚಲೋ ಇತ್ತು ಅಂತ ಈಗಲೂ ಹೇಳುತ್ತಾಳೆ.

ಈಗ ದುಡ್ಡು. ಪಟ್ಟಿಯಲ್ಲಿ ಕಾಣುವ ದರ ಮಾತ್ರ ಹೋಲಿಸಬೇಡಿ. ತೆರಿಗೆ, ಬಂದರು ಶುಲ್ಕ, ಟಿಪ್ಸ್ ಎಲ್ಲ ಸೇರಿಸಿ, ರಾತ್ರಿಗೆ ತಲೆಗೆ ಎಷ್ಟು ಬೀಳುತ್ತದೆ ಅಂತ ನೋಡಿ. ಟಿಪ್ಸ್ ರಾತ್ರಿ ಲೆಕ್ಕದಲ್ಲೇ ಇರುವುದರಿಂದ ಅದರಲ್ಲಿ ವ್ಯತ್ಯಾಸ ಬರುವುದಿಲ್ಲ. ವೈಫೈ, ಪಾನೀಯದ ಪ್ಯಾಕೇಜ್ ಮಾತ್ರ ಜೋಡಿ ಕ್ರೂಸ್‌ನಲ್ಲಿ ಎರಡು ಸಲ ಕೊಳ್ಳಬೇಕು. ಹಡಗಿನ ಖರ್ಚಿಗೆ ಅಂತ ಕ್ರೆಡಿಟ್ ಕಾರ್ಡ್ ಮೇಲೆ ಮೊದಲೇ ಹಿಡಿದಿಡುವ ಮೊತ್ತವೂ ಎರಡು ಸಲ. ಮೊದಲನೆಯದು ಬಿಡುಗಡೆಯಾಗಲು ಕೆಲವು ದಿನ ಬೇಕಾಗುತ್ತದೆ, ಲಿಮಿಟ್ ಕಡಿಮೆ ಇದ್ದರೆ ತೊಂದರೆ. ವಾರದ ನಡುವಿನ ಸಣ್ಣ ಕ್ರೂಸ್ ಎಷ್ಟೋ ಸಲ ಅಗ್ಗ. ಶುಕ್ರವಾರದಿಂದ ಭಾನುವಾರದ್ದು, ಶಾಲೆ ರಜೆಯದ್ದು ತುಟ್ಟಿ. ನಮಗೆ ಜೋಡಿಯೇ ಸ್ವಲ್ಪ ಅಗ್ಗ ಬಿತ್ತು, ಆದರೆ ವೈಫೈ ಎರಡು ಸಲ ಕೊಂಡಿದ್ದರಲ್ಲಿ ಆ ಉಳಿತಾಯದ ಒಂದು ಪಾಲು ಹೋಯಿತು. ಏಜೆಂಟ್ ಟಿಸಿಎಸ್ (ದುಡ್ಡು ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿದರೆ ರಸೀದಿ ಇಟ್ಟುಕೊಳ್ಳಿ, ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಎರಡು ಬುಕಿಂಗ್ ಅಂದರೆ ಎರಡು ಬೇರೆ ಕರಾರು. ರದ್ದು ಮಾಡುವ ಕೊನೆಯ ದಿನಾಂಕವೂ ಬೇರೆ ಬೇರೆ. ಒಂದು ರದ್ದಾದರೆ ಇನ್ನೊಂದರ ದುಡ್ಡು ತಾನಾಗಿ ವಾಪಸ್ ಬರುವುದಿಲ್ಲ. ಇನ್ಶೂರೆನ್ಸ್ ಮನೆ ಬಿಟ್ಟ ದಿನದಿಂದ ವಾಪಸ್ ಬರುವವರೆಗೆ ಒಂದೇ ಪಾಲಿಸಿಯಾಗಿರಲಿ, ಕ್ರೂಸ್ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ. ಹಡಗಿನ ಡಾಕ್ಟರ ಫೀ ಡಾಲರ್‌ನಲ್ಲಿ ಬರುತ್ತದೆ.

ಕಾಗದಪತ್ರ: ಪಾಸ್‌ಪೋರ್ಟ್ ಕೆಲಸ ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲೇ ಆಗುತ್ತದೆ. ಆರು ತಿಂಗಳ ಅವಧಿ ಉಳಿದಿರಬೇಕು. ಕ್ರೂಸ್ ಅಂದರೆ ಸಿಂಗಪುರ ಬಿಟ್ಟು ಮತ್ತೆ ಒಳಗೆ ಬರುವುದು. ಜೋಡಿಯಾದರೆ ಇನ್ನೊಂದು ಸಲ. ಹಾಗಾಗಿ ವೀಸಾ ಮಲ್ಟಿಪಲ್ ಎಂಟ್ರಿ ಆಗಿದೆಯಾ ನೋಡಿಕೊಳ್ಳಿ. ಸಿಂಗಪುರದ ಅರೈವಲ್ ಕಾರ್ಡನ್ನು ಬರುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಕ್ರೂಸ್ ಮುಗಿಸಿ ಬರುವಾಗ ಮತ್ತೆ ತುಂಬಬೇಕು. ಅದು ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಮಲೇಷ್ಯಾ, ಥಾಯ್ಲೆಂಡ್ ಈಚಿನ ವರ್ಷಗಳಲ್ಲಿ ನಮ್ಮವರಿಗೆ ವೀಸಾ ವಿನಾಯಿತಿ ಕೊಟ್ಟಿವೆ, ಆದರೂ ಹೊರಡುವ ಮುಂಚೆ ಒಮ್ಮೆ ನೋಡಿ.

ಉದ್ದದ ಕ್ರೂಸ್ ಯಾವಾಗ ವಾಸಿ? ದೂರದ ಊರು ಬೇಕಾದಾಗ. ವಿಯೆಟ್ನಾಂ ಕಡೆಗೆ ಸಣ್ಣ ಕ್ರೂಸ್‌ನಲ್ಲಿ ಹೋಗಿಬರುವುದಕ್ಕೆ ಆಗುವುದಿಲ್ಲ. ಅದಕ್ಕೆ ಇ-ವೀಸಾ ಬೇಕು, ಇಲ್ಲದಿದ್ದರೆ ಸಿಂಗಪುರದಲ್ಲೇ ಹಡಗು ಹತ್ತಿಸದೆ ಬಿಡಬಹುದು. 'ಹೋ ಚಿ ಮಿನ್' ಅಂತ ಬರೆದಿದ್ದರೂ ಹಡಗು ನಿಲ್ಲುವುದು ಹೆಚ್ಚಾಗಿ ಫೂ ಮಿ ಬಂದರಿನಲ್ಲಿ, ಊರಿಗೆ ಬಸ್ಸಿನಲ್ಲಿ ಎರಡು ತಾಸಿನಷ್ಟು. ಬ್ಯಾಂಕಾಕ್‌ ಅಂತ ಬರೆದು ನಿಲ್ಲಿಸುವ ಲೇಮ್ ಚಬಾಂಗ್ ಬಂದರಿನ ಕಥೆಯೂ ಅದೇ. ಡಿಸೆಂಬರ್-ಜನವರಿಯಲ್ಲಿ ದಕ್ಷಿಣ ಚೀನಾ ಸಮುದ್ರ ಈಶಾನ್ಯ ಮಾರುತದಿಂದ ಏರುಪೇರಾಗಿರುತ್ತದೆ. ಪೆನಾಂಗ್‌ಗೆ ಹೋಗುವ ಮಲಕ್ಕಾ ಜಲಸಂಧಿ ಎರಡೂ ಕಡೆ ನೆಲ ಇರುವುದರಿಂದ ಶಾಂತ. ವಾಂತಿ ಮಾಡಿಕೊಳ್ಳುವವರಿದ್ದರೆ ಇದೇ ಮುಖ್ಯ ಕಾರಣವಾಗಬಹುದು.

ಮಗಳು ಸಿಯಾಟಲ್‌ನಲ್ಲಿದ್ದಾಳೆ, ಅಲ್ಲಿಂದ ಅಲಾಸ್ಕಾ ನೋಡುತ್ತೇವೆ ಅನ್ನುವವರಿಗೆ ಒಂದು ಎಚ್ಚರಿಕೆ. ಸಿಯಾಟಲ್‌ನಿಂದ ಕೆನಡಾದ ವ್ಯಾಂಕೂವರ್, ಅದೇ ಹಡಗಿನಲ್ಲಿ ವ್ಯಾಂಕೂವರ್‌ನಿಂದ ಅಲಾಸ್ಕಾದ ಸೀವರ್ಡ್ ಅಂತ ಜೋಡಿಸಿದರೆ ಬುಕಿಂಗ್ ನಿಲ್ಲುವುದಿಲ್ಲ. ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಹೀಗೆ ಜನ ಸಾಗಿಸಬಾರದು ಅಂತ 1886ರ ಕಾನೂನಿದೆ. ಎರಡು ಟಿಕೆಟ್ ಇದ್ದರೂ ಅದು ಒಂದೇ ಪ್ರಯಾಣ ಅಂತ ಲೆಕ್ಕ.

ಸಾಮಾನು ಕಟ್ಟುವಾಗ: ಕಟಕ ರೊಟ್ಟಿ, ಶೇಂಗಾ ಚಟ್ನಿ ಅಂಗಡಿಯ ಸೀಲ್ ಪ್ಯಾಕೆಟ್‌ನಲ್ಲಿ ಒಯ್ಯಿರಿ. ಮನೆಯಲ್ಲಿ ಮಾಡಿದ್ದನ್ನು ಹಡಗಿನವರು ತಡೆಯಬಹುದು. ಅಂಟಿನ ಉಂಡಿ ಮೇಲೆ ಗಸಗಸೆ ಇದ್ದರೆ ಮನೆಯಲ್ಲೇ ಬಿಡಿ. ಸಿಂಗಪುರಕ್ಕೆ ಗಸಗಸೆಯನ್ನು ಮೊದಲೇ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಗುಟ್ಕಾ, ತಂಬಾಕು ಜಗಿಯುವವರು ವಿಮಾನ ಹತ್ತುವ ಮುಂಚೆಯೇ ಜೇಬು ಝಾಡಿಸಿಕೊಳ್ಳಿ, ಅಲ್ಲಿ ಅದು ನಿಷೇಧ.

ಹೋಗುವಾಗ ಹಡಗಿನ ಹಿಂದಿನ ದಿನವೇ ಸಿಂಗಪುರ ಮುಟ್ಟಿರಿ. ಹುಬ್ಬಳ್ಳಿ-ಬೆಂಗಳೂರು ರೈಲು ತಡವಾದರೆ ಹಡಗು ಕಾಯುವುದಿಲ್ಲ. ವಾಪಸ್ ಬರುವಾಗ ಇಳಿಯುವ ದಿನದ ವಿಮಾನ ಮಧ್ಯಾಹ್ನದ ಮೇಲಿನದ್ದಿರಲಿ. ಬೆಂಗಳೂರಿನಲ್ಲಿ ಇಳಿದು ಅದೇ ರಾತ್ರಿ ರೈಲಿಗೆ ಓಡುವ ಬದಲು ಅಲ್ಲೇ ಮಲಗಿ, ಬೆಳಿಗ್ಗೆ ವಂದೇ ಭಾರತ್ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆ.