ಮಿರ್ಚಿ ಬಂಡಿಯ ಕಾಕಾ

ನಿನ್ನೆ ಸಂಜೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಸುಸಲಾ, ಮಿರ್ಚಿ ತಿನ್ನಲು ನಿಂತಿದ್ದೆ. ಬಂಡಿಯವರ ಮುಖ ಎಲ್ಲೋ ನೋಡಿದ ಹಾಗಿತ್ತು. ಅರೆ, ನಮ್ಮ ಓಣಿಯಲ್ಲಿ ಮಟ್ಕಾ ಚೀಟಿ ಬರೆಯುತ್ತಿದ್ದ ಕಾಕಾ!

ಆಗ ಅವರೆಂದರೆ ಎಲ್ಲರಿಗೂ ಹೆದರಿಕೆ. ದುಡ್ಡು ಬಾಕಿ ಇಟ್ಟವರ ಮನೆ ಮುಂದೆ ಎರಡು ಬೈಕ್ ಬಂದು ನಿಲ್ಲುತ್ತಿದ್ದವು. ಈ ಮಟ್ಕಾ ಶುರುವಾಗಿದ್ದು 1960ರ ದಶಕದ ಮುಂಬೈಯಲ್ಲಿ, ನ್ಯೂಯಾರ್ಕಿನ ಹತ್ತಿ ದರದ ಮೇಲೆ ಕಟ್ಟುತ್ತಿದ್ದ ಜೂಜಿನಿಂದ. ಎಲ್ಲಿಯ ಹತ್ತಿ, ಎಲ್ಲಿಯ ನಮ್ಮ ಓಣಿ, ಅಲ್ವಾ?

"ಯಾವಾಗ ಬಿಟ್ರಿ ಕಾಕಾ?" ಅಂದೆ.

"6 ವರ್ಷ ಆಯ್ತಪಾ. ಸಾಲ್ಯಾಗ ನಿಮ್ಮಪ್ಪ ಏನ್ ಮಾಡ್ತಾನ ಅಂತ ಮಗಳಿಗಿ ಕೇಳಿದ್ರಂತ. ಆಕಿ ಸುಮ್ನ ನಿಂತಾಳ."

ಅಷ್ಟೇ ಹೇಳಿ ಮಿರ್ಚಿ ತಿರುವಿದರು.

ಬಿಟ್ಟರೂ ರೌಡಿ ಶೀಟ್ ಇನ್ನೂ ಮುಚ್ಚಿಲ್ಲ. ಗಣೇಶ ಹಬ್ಬ, ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಪರೇಡಿನಲ್ಲಿ ನಿಲ್ಲಬೇಕು. ಅವತ್ತು ಬಂಡಿ ಬಂದ್. ಹಳೇ ದೋಸ್ತರೂ ಆಗಾಗ ಬರುತ್ತಾರಂತೆ, ತಿಂದು ದುಡ್ಡು ಕೊಡದೆ ಹೋಗುತ್ತಾರಂತೆ. ಆ ಲೆಕ್ಕ ಮಾತ್ರ ಅವರು ಬರೆಯುವುದಿಲ್ಲ.

ನಾನು 100ರ ನೋಟು ಕೊಟ್ಟೆ. ಚಿಲ್ಲರೆ ಎರಡು ಸಲ ಎಣಿಸಿ ಕೊಟ್ಟರು. "ಹಳೇ ಚಟ" ಅಂತ ನಕ್ಕರು.