ಕಬಿನಿಗೆ ಎರಡು ಲೆನ್ಸ್: ತಯಾರಿಯ ದಾಖಲೆ

ಆರು ವಾರ ಬಾಕಿ

ಏಪ್ರಿಲ್ ಮೂರನೇ ವಾರ ಕಬಿನಿ. ಮೂರು ಜೀಪ್ ಸಫಾರಿ, ಒಂದು ದೋಣಿ. ಕ್ಯಾಮೆರಾ ಬಾಡಿಗಳು ತೀರ್ಮಾನವಾಗಿವೆ: ನಿಕಾನ್ ಝಡ್ 8 ಮತ್ತು ಝಡ್ 6ರ ಎರಡನೇ ಆವೃತ್ತಿ. ಲೆನ್ಸ್ ಮಾತ್ರ ಬಾಕಿ. 600 ಮಿ.ಮೀ. ಫೋಕಲ್ ಲೆಂತ್ (ಇದು ಹೆಚ್ಚಿದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತದೆ) ಸಾಕೋ, 800 ಬೇಕೋ ಎಂಬ ಚರ್ಚೆಗೆ ಕೊನೆಯಿಲ್ಲ, ಆದ್ದರಿಂದ ಲೆಕ್ಕವೇ ವಾಸಿ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಅದನ್ನು ಪ್ರಾಣಿಯ ದೂರದಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ, ಆ ದೂರದಲ್ಲಿ ಎಷ್ಟು ಅಗಲ ಫ್ರೇಮಿಗೆ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ.

30 ಮೀಟರ್ ದೂರಕ್ಕೆ 600ರಲ್ಲಿ ಸಿಗುವುದು 1.8 ಮೀಟರ್. ಅಡ್ಡ ನಿಂತ ದೊಡ್ಡ ಹುಲಿಗೆ ಮೂತಿಯಿಂದ ಬಾಲದ ಬುಡದವರೆಗೇ ಹೆಚ್ಚುಕಡಿಮೆ ಅಷ್ಟು ಬೇಕು, ಬಾಲ ಆಗಲೇ ಹೊರಗೆ. 800ರಲ್ಲಿ 1.35 ಮೀಟರ್, ಅಂದರೆ ಬರೀ ಮುಂಭಾಗ. ಇನ್ನು ದಾರಿಯ ಪಕ್ಕದಲ್ಲಿ 15 ಮೀಟರಿಗೆ ಬಂದ ಸಲಗ: 180ರಲ್ಲಿ 3 ಮೀಟರ್ ಹಿಡಿಯುತ್ತದೆ, ಆನೆ ಹಿಡಿಯುವುದಿಲ್ಲ. 70ಕ್ಕೆ ಇಳಿದರೆ 7.7 ಮೀಟರ್, ಆಗ ಆನೆಯೂ ಬರುತ್ತದೆ, ಅದರ ಹಿಂದಿನ ಕಾಡೂ ಬರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು ದಂಡೆಯಲ್ಲಿ ಹುಲ್ಲು ಚಿಗುರಿದಾಗ ಕಬಿನಿಯ ದೊಡ್ಡ ದೃಶ್ಯವೇ ಆನೆ ಹಿಂಡು. ಉದ್ದ ಲೆನ್ಸ್ ಒಂದನ್ನೇ ಹೊತ್ತು ಹೋದವರ ಕಾರ್ಡಿನಲ್ಲಿ ಕಣ್ಣು, ಕಿವಿ, ಸೊಂಡಿಲು ಬಿಡಿಬಿಡಿಯಾಗಿ ಇರುತ್ತವೆ, ಆನೆ ಇರುವುದಿಲ್ಲ.

ಈ ವಾರದ ತೀರ್ಮಾನ: ಝಡ್ 8ಕ್ಕೆ 180-600 ಝೂಮ್, ಎರಡನೇ ಕ್ಯಾಮೆರಾಕ್ಕೆ 70-200. 800 ಪಟ್ಟಿಯಿಂದ ಹೊರಗೆ.

ನಾಲ್ಕು ವಾರ ಬಾಕಿ

ಬೆಳಕಿನ ಲೆಕ್ಕ. ಎಫ್ ಸಂಖ್ಯೆ ಹೆಚ್ಚಿದಷ್ಟು ಲೆನ್ಸ್ ಒಳಗೆ ಬಿಡುವ ಬೆಳಕು ಕಡಿಮೆ, ಆಗ ಸೆನ್ಸರಿನ ಸಂವೇದನೆ, ಅಂದರೆ ಐಎಸ್ಒ, ಏರಿಸಬೇಕು. 180-600 ಲೆನ್ಸ್ 600ರಲ್ಲಿ ಎಫ್/6.3. ಮುಂಜಾನೆ ತೇಗದ ನೆರಳಿನಲ್ಲಿ ಎಫ್/2.8ಕ್ಕೆ ಐಎಸ್ಒ 2500 ಬೇಕಾದ ಕಡೆ, ಅದೇ ಶಟರ್ ವೇಗಕ್ಕೆ ಎಫ್/4ರಲ್ಲಿ 5000, ಎಫ್/6.3ರಲ್ಲಿ 12800 ಆಗುತ್ತದೆ. 2.8ರಿಂದ 6.3ಕ್ಕೆ ಕಳೆದುಹೋಗುವ ಈ ಎರಡೂ ಚಿಲ್ಲರೆ ಸ್ಟಾಪನ್ನು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಎಲ್ಲಿಂದಲೂ ಸಾಲ ತರಲಾಗದು. ಮೊದಲ ಅರ್ಧ ಗಂಟೆ ಶಟರ್ ವೇಗವನ್ನೇ ಇಳಿಸಬೇಕು: ಕದಲದೆ ಕುಳಿತ ಚಿರತೆಗೆ 1/250 ಸಾಕು, 1/125 ಕೂಡ ಆದೀತು, ಒಂದೇ ಒತ್ತಿಗೆ ಹತ್ತು ಫ್ರೇಮ್ ತೆಗೆದರೆ ಒಂದೆರಡಾದರೂ ಚೂಪಾಗಿರುತ್ತವೆ. ಓಡುವ ಪ್ರಾಣಿಗೆ 1/1600ಕ್ಕಿಂತ ಕೆಳಗೆ ಹೋಗಬಾರದು. ಮಳೆಗಾಲದ ಪ್ರವಾಸವಾಗಿದ್ದರೆ ಈ ಆಯ್ಕೆಯೇ ಬದಲಾಗುತ್ತಿತ್ತು. ಆಗ ಎಲೆ ದಟ್ಟ, ಮೋಡ ಬೇರೆ. 600ರ ಉದ್ದಕ್ಕಿಂತ ಎಫ್/4ರ ಬೆಳಕು ಮೇಲು.

ಲೆನ್ಸಿನ ಹಿಂದೆ ಸಿಕ್ಕಿಸಿ ಉದ್ದ ಹೆಚ್ಚಿಸುವ 1.4 ಟೆಲಿಕನ್ವರ್ಟರ್ ಕೈಬಿಟ್ಟಾಯಿತು. ಎಫ್/6.3 ಎಫ್/9 ಆಗುತ್ತದೆ, ಫೋಕಸ್ ಹುಡುಕಾಡತೊಡಗುತ್ತದೆ. ಝಡ್ 8ರಲ್ಲಿ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುವ ಡಿಎಕ್ಸ್ ಕ್ರಾಪ್ ಒತ್ತಿದರೆ 600 ಲೆನ್ಸ್ 900ರಷ್ಟು ಕಾಣುತ್ತದೆ, ಸುಮಾರು 19 ಮೆಗಾಪಿಕ್ಸೆಲ್ ಉಳಿಯುತ್ತದೆ, ಬೆಳಕಿಗೆ ನಷ್ಟವಿಲ್ಲ. ತೂಕವೂ ಇಲ್ಲ.

ಬೇರೆ ಕಂಪನಿಯ ಬಾಡಿ ಇರುವವರಿಗೆ: ಸೋನಿ 200-600 ಇದೇ ಜಾತಿಯದು, ಝೂಮ್ ಮಾಡಿದರೂ ಕೊಳವೆ ಹೊರಚಾಚುವುದಿಲ್ಲ. ಕ್ಯಾನನ್ ಆರ್‌ಎಫ್ 100-500 ಟ್ರೈಪಾಡಿಗೆ ಕೂರಿಸುವ ಕಾಲರ್ ಬಿಟ್ಟು 1370 ಗ್ರಾಂ ಅಷ್ಟೇ, ಆನೆಗೂ ಒಂದು ಮಟ್ಟಿಗೆ ಒದಗುತ್ತದೆ, ಆದರೆ 500ರಲ್ಲಿ ಎಫ್/7.1. ಹಳೆ ಡಿಎಸ್‌ಎಲ್‌ಆರ್‌ಗೆ ನಿಕಾನ್ 200-500 ಎಫ್/5.6 ಇಂದಿಗೂ ಸಾಕಷ್ಟು ಚೂಪು. ಕಾಲರ್ ಸೇರಿ 2.3 ಕೆ.ಜಿ. ಎಂಬುದನ್ನು ಮಾತ್ರ ತೋಳಿಗೆ ಮೊದಲೇ ತಿಳಿಸಿಡಬೇಕು.

ಎರಡು ವಾರ ಬಾಕಿ

180-600 ಬಾಡಿಗೆಗೆ ಬಂತು. ಅಂಗಡಿಯಲ್ಲೇ ಮುಂದಿನ ಗಾಜು, ಹಿಂದಿನ ಗಾಜು, ಮೌಂಟ್, ಗೀರುಗಳು ಎಲ್ಲವನ್ನೂ ವಿಡಿಯೊ ಮಾಡಿಟ್ಟರೆ ವಾಪಸ್ ಕೊಡುವಾಗ ಠೇವಣಿಗೆ ತಕರಾರು ಬರುವುದಿಲ್ಲ. ಪರೀಕ್ಷೆಗೆ 25-30 ಮೀಟರ್ ದೂರದ ಅಂಗಡಿ ಫಲಕವೇ ಸರಿ. ಹತ್ತಿರದ ಹೂಕುಂಡದ ಮೇಲೆ ಚೂಪು ನೋಡಿ ಪ್ರಯೋಜನವಿಲ್ಲ.

ಎರಡು ವಿಷಯ ಈಗಲೇ ಸರಿಪಡಿಸಿದ್ದು ಒಳ್ಳೆಯದಾಯಿತು. ಈ ಲೆನ್ಸಿನ ಮೈಮೇಲೆ ಕೈನಡುಕ ತಗ್ಗಿಸುವ ವಿಆರ್‌ಗೆ ಸ್ವಿಚ್ ಇಲ್ಲ, ಕ್ಯಾಮೆರಾ ಮೆನುವಿನಿಂದಲೇ ಬದಲಿಸಬೇಕು. ಒಂದೇ ಬಟನ್‌ಗೆ ತೆರೆಯುವ ಐ ಮೆನುವಿಗೆ ತಂದಿಟ್ಟಿದೆ. ಜೀಪ್, ದೋಣಿ ಎರಡಕ್ಕೂ ಸ್ಪೋರ್ಟ್ ವಿಆರ್. ಎರಡನೆಯದು ಫೋಕಸ್ ಲಿಮಿಟರ್, ಅಂದರೆ ಲೆನ್ಸ್ ಯಾವ ದೂರದೊಳಗೆ ಫೋಕಸ್ ಹುಡುಕಬೇಕೆಂದು ಮಿತಿ ಹಾಕುವ ಸ್ವಿಚ್. ಅದು 6 ಮೀಟರಿನಿಂದ ಅನಂತಕ್ಕೆ ನಿಂತಿದ್ದರೆ, ಜೀಪಿನ ಪಕ್ಕದಲ್ಲೇ ಕುಳಿತ ಹಕ್ಕಿಗೆ ಫೋಕಸ್ ಆಗುವುದೇ ಇಲ್ಲ, ಲೆನ್ಸ್ ಕೆಟ್ಟಿತೆಂದು ಗಾಬರಿ. ಸ್ವಿಚ್ ಪೂರ್ಣ ವ್ಯಾಪ್ತಿಗೆ ತಿರುಗಿಸಿ ಟೇಪ್ ಅಂಟಿಸಿದೆ.

ಲಂಟಾನ ಪೊದೆಯ ಹಿಂದಿನ ಪ್ರಾಣಿಗೆ ಫೋಕಸ್ ಮಾಡುವ ಅಭ್ಯಾಸ ಉದ್ಯಾನದಲ್ಲೇ ಆಗುತ್ತದೆ. ಬೇಲಿಯ ಹಿಂದೆ ಮಲಗಿದ ಬೀದಿನಾಯಿಗಿಂತ ಒಳ್ಳೆಯ ಚಿರತೆ ಸಿಗದು. ದೊಡ್ಡ ಏರಿಯಾ ಆಟೊಫೋಕಸ್ ಮುಂದಿನ ಎಲೆಯನ್ನೇ ಕಚ್ಚುತ್ತದೆ. ಸಿಂಗಲ್ ಪಾಯಿಂಟನ್ನು ಒಂದು ಬಟನ್‌ಗೆ ಕೊಟ್ಟುಕೊಂಡರೆ ಬಚಾವ್. ಕರಿಚಿರತೆಯ ಯೋಗವಿದ್ದರೆ ಎಕ್ಸ್‌ಪೋಶರ್ ಮೈನಸ್ 0.7ರಿಂದ ಮೈನಸ್ 1, ಇಲ್ಲದಿದ್ದರೆ ಮೀಟರ್ ಅದನ್ನು ಬೂದುಚಿರತೆ ಮಾಡಿಬಿಡುತ್ತದೆ. ಆಕಾಶದ ಎದುರು ಕೊಂಬೆಯ ಮೇಲಿದ್ದರೆ ಪ್ಲಸ್ ಕಡೆಗೆ.

ಮೂರು ದಿನ ಬಾಕಿ

ಲೆನ್ಸ್ ಊರಲು ಬೀನ್ ಬ್ಯಾಗ್: ಎರಡು ಪದರದ ಕ್ಯಾನ್ವಾಸ್, ಒಳಗೆ 2 ಕೆ.ಜಿ. ಅಕ್ಕಿ. ಮೊದಲ ಹೊಲಿಗೆಯಲ್ಲಿ ಕಾಳು ಸೋರಿತು. ಕಾಡಿನಲ್ಲಿ ಕಾಳು ಚೆಲ್ಲುವಂತಿಲ್ಲ, ಆದ್ದರಿಂದ ಒಳಚೀಲಕ್ಕೆ ಇನ್ನೊಂದು ಸುತ್ತು ಹೊಲಿಗೆ. ಪೂರ್ತಿ ತುಂಬಬಾರದು, ಮುಕ್ಕಾಲು ತುಂಬಿದರೆ ಲೆನ್ಸ್ ಕುಳಿ ಮಾಡಿಕೊಂಡು ಕೂರುತ್ತದೆ. ಎಂಜಿನ್ ಚಾಲೂ ಇದ್ದಾಗ ಜೀಪಿನ ಕಂಬಿಗೆ ಲೆನ್ಸ್ ತಾಗಿಸಿದರೆ ಆ ನಡುಕವನ್ನು ಯಾವ ವಿಆರ್ ಕೂಡ ನುಂಗುವುದಿಲ್ಲ. ಚಾಲಕರಿಗೆ ಮೊದಲೇ ಹೇಳಿಡಬೇಕು. ಒಂಟಿ ಕಾಲಿನ ಮೋನೊಪಾಡ್ ಮನೆಯಲ್ಲೇ, ಪಕ್ಕದವರ ಕಾಲಿಗೆ ತೊಡಕು.

ಬೇಸಿಗೆಯ ದೂಳಿನಲ್ಲಿ ಲೆನ್ಸ್ ಬಿಚ್ಚುವುದಿಲ್ಲ, ಎರಡು ಬಾಡಿ ಇರುವುದೇ ಅದಕ್ಕೆ. ಯುವಿ ಫಿಲ್ಟರ್ ತೆಗೆದಾಯಿತು: ಅಗ್ಗದ ಗಾಜು 600ರಲ್ಲಿ ಚೂಪು ಕೆಡಿಸುತ್ತದೆ, ಕಾವಲಿಗೆ ಹುಡ್ ಸಾಕು. ಎಸಿ ಕೋಣೆಯಿಂದ ಹೊರಟಾಗ ಗಾಜು ಮಂಜಾಗದಂತೆ ಬ್ಯಾಗನ್ನು ಹಿಂದಿನ ರಾತ್ರಿ ವರಾಂಡದ ಕಡೆ ಇಡುವುದು. ಬಿಸಿಲೇರಿದ ಮೇಲೆ ಹಿನ್ನೀರಿನ ಬಯಲಿನಲ್ಲಿ 100 ಮೀಟರ್ ಆಚೆಯ ಪ್ರಾಣಿ ಕಾವಿನ ಅಲೆಯಲ್ಲಿ ಕರಗಿ ಕಾಣುತ್ತದೆ. ಅದು ಲೆನ್ಸಿನ ದೋಷವಲ್ಲ, ಆ ಹೊತ್ತಿಗೆ 70-200 ಎತ್ತಿಕೊಂಡು ಬಯಲನ್ನೇ ತೆಗೆಯುವುದು ಮೇಲು.

ಬಾಕಿ ಕೆಲಸ: ಎರಡನೇ ಕ್ಯಾಮೆರಾಕ್ಕೆ ಇನ್ನೊಂದು ಬ್ಯಾಟರಿ, ದೂಳು ಊದಲು ಬ್ಲೋವರ್, ಮಳೆ ಬಂದರೆ ಹೊದಿಸಲು ದೊಡ್ಡ ಪ್ಲಾಸ್ಟಿಕ್ ಚೀಲ. ಸಫಾರಿಯಲ್ಲಿ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ, ಈಗಿನ ದರ ಫೋನ್ ಮಾಡಿ ಕೇಳಬೇಕು.