ಸದನದಲ್ಲಿ ಎಣಿಸಿ ಎಂದ ಮೇಷ್ಟ್ರು

ನಮ್ಮ ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದ ರಾತ್ರಿ ಹಳೇ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರೂ ಮಲಗಿದಂತೆ ಕಾಣಲಿಲ್ಲ. ಪತ್ರಿಕೆಯವರು ‘ಮಾಜಿ ಕುಲಪತಿ’ ಅಂತ ಬರೆದರು. ನಮಗೆ ಮಾತ್ರ ಅವರು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನ ರಾಜ್ಯಶಾಸ್ತ್ರದ ಮೇಷ್ಟ್ರೇ. ಸನ್ಮಾನ, ಅಭಿನಂದನ ಗ್ರಂಥ ಅಂದರೆ ಅವರಿಗೆ ಆಗುತ್ತಿರಲಿಲ್ಲ. ಹೆಸರು ಹಾಕಿ ಹೊಗಳಬೇಡಿ ಅಂತ ನಮ್ಮೆಲ್ಲರಿಗೂ ಹೇಳಿದ್ದರು. ಅದಕ್ಕೇ ಇಲ್ಲೂ ಮೇಷ್ಟ್ರು ಅಂತಲೇ ಬರೆಯುತ್ತೇನೆ.

ಅವರು ಓದಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಕೆಲಸಕ್ಕೆ ಸೇರಿದ್ದು ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕಾಲದಲ್ಲಿ. ಪವಾಡಗಳನ್ನು ಪರೀಕ್ಷೆ ಮಾಡಲು 1976ರಲ್ಲಿ ನರಸಿಂಹಯ್ಯನವರು ಒಂದು ಸಮಿತಿ ಮಾಡಿದ್ದರಲ್ಲ, ಆ ಗಲಾಟೆಯನ್ನೆಲ್ಲ ಮೇಷ್ಟ್ರು ಹತ್ತಿರದಿಂದ ನೋಡಿದ್ದರು. ಕುಲಪತಿ ಅಂದರೆ ಹೀಗಿರಬೇಕು ಅನ್ನೋದು ಅವರ ತಲೆಯಲ್ಲಿ ಆಗಲೇ ಕೂತಿತ್ತು ಅಂತ ನನಗನಿಸುತ್ತದೆ.

ನಾವು ಎಂ.ಎ.ಗೆ ಬಂದಾಗ ಕ್ಯಾಂಪಸ್ಸು ಊರಾಚೆಯ ಕಾಡಿನ ಹಾಗಿತ್ತು. ಮೆಜೆಸ್ಟಿಕ್ಕಿನಿಂದ ಬಸ್ಸು ಹಿಡಿದರೆ ಬೆಳಗಿನ ಅರ್ಧ ಭಾಗ ದಾರಿಯಲ್ಲೇ ಹೋಗುತ್ತಿತ್ತು. ಸಿಲೆಬಸ್ಸಿನಲ್ಲಿ ಏನೇನಿತ್ತೋ ಈಗ ಕೇಳಬೇಡಿ. ಪಾಶ್ಚಾತ್ಯ ರಾಜಕೀಯ ಚಿಂತನೆ ಹೇಳುತ್ತಿದ್ದ ಮೇಡಂ ಪ್ಲೇಟೋನನ್ನು ಮನೆ ಹಿರಿಯರ ಬಗ್ಗೆ ಹೇಳಿದಷ್ಟು ಪ್ರೀತಿಯಿಂದ ಹೇಳುತ್ತಿದ್ದರು ಅನ್ನೋದಷ್ಟೇ ನೆನಪು. ಆದರೆ 1989ರ ಏಪ್ರಿಲ್ ಮಾತ್ರ ನಿನ್ನೆ ಮೊನ್ನೆ ನಡೆದಂತಿದೆ.

ಆಗ ರಾಜ್ಯದಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ. ಬೆಂಬಲ ವಾಪಸ್ ಅಂತ ಹತ್ತೊಂಬತ್ತು ಶಾಸಕರ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈ ಸೇರಿದವು. ಏಪ್ರಿಲ್ 20ಕ್ಕೆ ಅವರಲ್ಲಿ ಏಳು ಜನ ‘ನಮ್ಮನ್ನು ತಪ್ಪು ದಾರಿಗೆಳೆದು ಸಹಿ ಹಾಕಿಸಿಕೊಂಡರು’ ಅಂದರು. ವಿಧಾನಸಭೆಯಲ್ಲಿ ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಡಳಿತ ಬಂತು.

ಅದೇ ಹೊತ್ತಿಗೆ ನಮಗೊಂದು ಟೆಸ್ಟು. ಮುಂದೂಡಬೇಕು ಅಂತ ನಮ್ಮ ಗುಂಪು ತರಗತಿಯವರ ಸಹಿ ಎತ್ತಿತು. ಟೆಸ್ಟು ಬೇಕು ಅನ್ನುವವರಲ್ಲಿ ಮೂವರನ್ನು ನಮ್ಮ ಹುಡುಗರು ಸಿನಿಮಾ ತೋರಿಸುತ್ತೇವೆ ಅಂತ ಪುಸಲಾಯಿಸಿ ನರ್ತಕಿ ಟಾಕೀಸಿಗೆ ಕರಕೊಂಡು ಹೋದರು. ಆಂಧ್ರದಲ್ಲಿ 1984ರಲ್ಲಿ ಎನ್.ಟಿ.ಆರ್. ಸರ್ಕಾರ ವಜಾ ಆದಾಗ ಅವರ ಶಾಸಕರನ್ನು ಕರ್ನಾಟಕಕ್ಕೆ ತಂದು ಇಟ್ಟುಕೊಂಡಿದ್ದ ಕಥೆ ಮೇಷ್ಟ್ರೇ ಹೇಳಿದ್ದರು. ಪಾಠ ಅಷ್ಟು ಚೆನ್ನಾಗಿ ತಲೆಗೆ ಹತ್ತಿತ್ತು!

ಪಟ್ಟಿಯನ್ನು ಮೇಷ್ಟ್ರ ರೂಮಿನಲ್ಲಿ ಕೊಟ್ಟೆವು. ಅವರು ಕನ್ನಡಕ ಹಣೆಗೇರಿಸಿ ಒಂದೊಂದು ಸಹಿಯನ್ನೂ ನೋಡಿದರು. ಆಮೇಲೆ ನಾಲ್ಕಾಗಿ ಮಡಚಿ ವಾಪಸ್ ಕೊಟ್ಟರು. ‘ಇದು ರಾಜಭವನ ಅಲ್ಲಪ್ಪ. ನಡೀರಿ, ಸದನದಲ್ಲಿ ಎಣಿಸೋಣ.’ ತರಗತಿಗೆ ಬಂದು ತಲೆ ಎಣಿಸಿದರು. ಮೂವರು ಇಲ್ಲ. ‘ಸದಸ್ಯರೆಲ್ಲ ಬರುವವರೆಗೆ ಕಲಾಪ ಮುಂದಕ್ಕೆ’ ಅಂದು ಎದ್ದು ಹೋದರು. ಮರುದಿನ ಎಲ್ಲರೂ ಹಾಜರ್. ಕೈ ಎತ್ತಿಸಿದರು. ಸಹಿ ಹಾಕಿದ್ದವರಲ್ಲೇ ಕೆಲವರ ಕೈ ಮೇಲೇಳಲಿಲ್ಲ. ನಾವು ಸೋತೆವು. ಟೆಸ್ಟು ನಡೆಯಿತು. ಇದ್ದದ್ದು ಒಂದೇ ಪ್ರಶ್ನೆ: ಬಹುಮತವನ್ನು ಎಲ್ಲಿ ಎಣಿಸಬೇಕು?

ಆ ಟೆಸ್ಟಿನಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕ ಬಂದದ್ದು ನನಗೆ. ಮೇಷ್ಟ್ರು ನನ್ನ ಉತ್ತರವನ್ನು ತರಗತಿಯಲ್ಲಿ ಓದಿದರು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಹೆಮ್ಮೆ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬೊಮ್ಮಾಯಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಅಂದಿತು. ಕರ್ನಾಟಕದಲ್ಲಿ ರಾಷ್ಟ್ರಪತಿ ಆಡಳಿತ ಹೇರಿದ್ದು ಸಂವಿಧಾನಬಾಹಿರ ಅಂತಲೂ ಹೇಳಿತು. ಆ ವಾರವೇ ಮೇಷ್ಟ್ರ ಕಾರ್ಡು ಬಂತು. ‘ನಿನ್ನ ಉತ್ತರ ಪತ್ರಿಕೆ ನೆನಪಾಯಿತು’ ಅಂತ ಒಂದೇ ಸಾಲು, ಹಸಿರು ಇಂಕಿನಲ್ಲಿ. ಆಮೇಲೆ ನಾನು ಎಷ್ಟೋ ವರ್ಷ ಪಾಠ ಮಾಡಿದೆ, ಪುಸ್ತಕ ಬರೆದೆ. ಆ ಕಾರ್ಡಿಗಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ.

ಮೇಷ್ಟ್ರು ವಿಭಾಗದ ಮುಖ್ಯಸ್ಥರಾದರು, ಕುಲಸಚಿವರಾದರು, ಕೊನೆಗೆ ಬೇರೆ ಊರಿನ ವಿಶ್ವವಿದ್ಯಾಲಯವೊಂದಕ್ಕೆ ಕುಲಪತಿಯಾಗಿ ಹೋದರು. ಶೋಧನಾ ಸಮಿತಿ ಮೂರು ಹೆಸರು ಕೊಡುತ್ತದೆ, ಸರ್ಕಾರ ಒಪ್ಪಬೇಕು, ರಾಜ್ಯಪಾಲರು ಸಹಿ ಹಾಕಬೇಕು. ಅವಧಿ ನಾಲ್ಕು ವರ್ಷ. ಈ ದಾರಿಯಲ್ಲಿ ಶಿಫಾರಸಿನ ಸಾಲ ಹೊತ್ತುಕೊಳ್ಳದೆ ಬಂದವರು ಕಡಿಮೆ. ಮೇಷ್ಟ್ರು ಹಾಗೆ ಬಂದವರು.

ಒಮ್ಮೆ ನಾನು ಅವರ ಚೇಂಬರಿನಲ್ಲಿ ಕೂತಿದ್ದೆ. ಅತಿಥಿ ಉಪನ್ಯಾಸಕರ ನೇಮಕದ ಸಮಯ. ಮೇಜಿನ ಮೇಲೆ ಶಿಫಾರಸು ಪತ್ರಗಳ ಕಟ್ಟು. ಅವರು ಯಾವುದನ್ನೂ ಹರಿಯಲಿಲ್ಲ, ಯಾರಿಗೂ ಬೈಯಲಿಲ್ಲ. ಎಲ್ಲಕ್ಕೂ ನಂಬರ್ ಹಾಕಿಸಿ ಫೈಲಿಗೆ ಸೇರಿಸಿದರು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯಲ್ಲಿ ಒಂದೊಂದನ್ನೂ ಗಟ್ಟಿಯಾಗಿ ಓದಿಸಿದರು. ಅಭ್ಯರ್ಥಿಗಳ ಅಂಕಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿಸಿದರು. ಮುಂದಿನ ವರ್ಷದಿಂದ ಪತ್ರಗಳು ಬರುವುದೇ ನಿಂತವು. 1989ರಲ್ಲಿ ನಮ್ಮ ಪಟ್ಟಿಗೆ ಮಾಡಿದ್ದನ್ನೇ ಇಲ್ಲೂ ಮಾಡಿದ್ದರು, ಅಲ್ವಾ?

ಈಗಿನದನ್ನು ನೋಡಿದರೆ ಬೇಸರವಾಗುತ್ತದೆ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಹೋಯಿತು. ನಡುವೆ ಸಿಕ್ಕ ಮಕ್ಕಳ ಪಾಡು ಯಾರು ಕೇಳಿದರು? ಎಂಬತ್ತರ ದಶಕದ ಕೊನೆಗೆ ನಿಂತ ವಿದ್ಯಾರ್ಥಿ ಸಂಘದ ಚುನಾವಣೆ ನಮ್ಮ ಕ್ಯಾಂಪಸ್ಸಿಗೆ ವಾಪಸ್ ಬರಲಿಲ್ಲ. ರಾಜ್ಯಶಾಸ್ತ್ರ ಓದುವ ಹುಡುಗಿ ಕಾಲೇಜಿನಲ್ಲಿ ಒಂದು ಸಲವೂ ವೋಟು ಎಣಿಸದೆ ಎಂ.ಎ. ಮುಗಿಸುತ್ತಾಳೆ. ಬೊಮ್ಮಾಯಿ ತೀರ್ಪು ಅವಳಿಗೆ ಎರಡು ಅಂಕದ ಪ್ರಶ್ನೆ, ಸುಮ್ನೆ ಬಾಯಿಪಾಠ. ಮೇಷ್ಟ್ರು ಇದನ್ನು ಯಾವ ವೇದಿಕೆ ಸಿಕ್ಕರೂ ಹೇಳುತ್ತಿದ್ದರು.

ಅವರ ಮನೆಯವರು ನಲವತ್ತು ವರ್ಷದ ಪತ್ರಿಕಾ ಕಟಿಂಗುಗಳನ್ನು ವಿಭಾಗದ ಲೈಬ್ರರಿಗೆ ಕೊಡಲು ಒಪ್ಪಿದ್ದಾರೆ. ಕಪಾಟಿನ ಖರ್ಚು ನಮ್ಮ ಬ್ಯಾಚಿನದು. ಹಸಿರು ಇಂಕಿನ ಕಾರ್ಡುಗಳು ಯಾರ ಹತ್ತಿರವಾದರೂ ಇದ್ದರೆ ಒಂದು ಪ್ರತಿ ಮಾಡಿಸಿ ವಿಭಾಗದ ಕಚೇರಿಗೆ ತಲುಪಿಸಿ. ನನ್ನದನ್ನು ಆಗಲೇ ಕೊಟ್ಟಿದ್ದೇನೆ.